ಉಸಿರು ನೋಡುವ ಕೆಲಸ

ಒಂಬತ್ತು, ಹತ್ತು, ಹನ್ನೊಂದು... ಪಕ್ಕಕ್ಕೆ ಒರಗಿ ಮಲಗಿದ್ದ ಅಂಚೆಯವನ ಎದೆ ಏರಿ ಇಳಿಯುತ್ತಿತ್ತು, ಅವಳು ಎಣಿಸುತ್ತಿದ್ದಳು.

ಎಣಿಸುವುದಷ್ಟೇ ಅವಳ ಕೆಲಸ. ಕ್ಲಿನಿಕ್ಕಿನ ಕೋಣೆಯಲ್ಲೇ ಆಪರೇಷನ್ ಮಾಡುವ ಡಾಕ್ಟರು, ಮತ್ತಿನಲ್ಲಿರುವ ರೋಗಿಯನ್ನು ನೋಡಿಕೊಳ್ಳಲೆಂದೇ ತರಬೇತಿ ಪಡೆದ ಒಬ್ಬರನ್ನು ಇಟ್ಟುಕೊಳ್ಳಬೇಕು, ಅವರು ಬೇರೆ ಯಾವುದಕ್ಕೂ ಕೈ ಹಾಕಕೂಡದು ಎಂದು ನಿಯಮ ಬಂದಿತ್ತು. ಹಾಗೆ ಬಂದವಳು ಅವಳು. ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಮೂವತ್ತು ಹಾಸಿಗೆಗಳ ನಡುವೆ ಬುಗುರಿಯಂತೆ ತಿರುಗಿದ ನರ್ಸಿಗೆ ಈಗ ಒಂದು ಸ್ಟೂಲು, ಒಂದು ಎದೆ. ಸುಖವೆಂದರೆ ಇದೇ ಎನಿಸುತ್ತಿತ್ತು.

ಮನೆಯಲ್ಲಿ ನಾದಿನಿ ಕಾಲೆಳೆಯುವಳು: ಉಸಿರಾಡುವುದನ್ನು ನೋಡಿದ್ದಕ್ಕೇ ಸಂಬಳವಾದರೆ ನಮ್ಮಣ್ಣನ ಗೊರಕೆಗೆ ಬೋನಸ್ಸೇ ಬರಬೇಕಲ್ಲ ಅತ್ತಿಗೆ ಎಂದು. ಗಂಡ ನಗುವನು, ಅವಳೂ ನಗುವಳು. ನಗಲಿ ಬಿಡಿ. ಅವಳಿದ್ದರೂ ಇಲ್ಲದಿದ್ದರೂ ಆ ಮನೆ ತನ್ನ ಪಾಡಿಗೆ ನಡೆಯುತ್ತಿತ್ತು. ಇಲ್ಲಿ ಹಾಗಲ್ಲ. ನಾಡಿಗೆ ಯಂತ್ರವಿತ್ತು, ಉಸಿರಿಗೆ ಅವಳೇ.

ಅವತ್ತು ಡಾಕ್ಟರಿಗೆ ಕೈಯಾಸರೆಯಾಗುವ ಸಹಾಯಕಿ ಹಲ್ಲುನೋವೆಂದು ಬಂದಿರಲಿಲ್ಲ. ನಾಳೆ ಮಾಡೋಣವೆಂದರೆ ಅಂಚೆಯವನಿಗೆ ರಜೆ ಸಿಕ್ಕಿದ್ದೇ ಒಂದು ದಿನ. ಚೀಲ ಹೊತ್ತ ಹೆಗಲ ಮೇಲಿನ ಗಂಟು, ಹತ್ತು ನಿಮಿಷದ ಕೆಲಸ ಎಂದುಕೊಂಡು ಡಾಕ್ಟರು ಕೈ ಹಚ್ಚಿದರು. ಹಾಳಾದ್ದು ಎಣಿಸಿದ್ದಕ್ಕಿಂತ ಆಳಕ್ಕಿಳಿದಿತ್ತು.

"ಒಂದೇ ನಿಮಿಷ, ಈ ಕೊಕ್ಕೆ ಹಿಡ್ಕೊಳ್ಳಿ," ಎಂದರು ಡಾಕ್ಟರು.

"ನಾನು ಹಿಡೀಬಾರದಲ್ಲ ಸಾರ್."

"ಗೊತ್ತು. ರಕ್ತ ಬರ್ತಿದೆ. ಹಿಡ್ಕೊಳ್ಳಿ."

ಹಿಡಿದಳು. ಚರ್ಮ ಬಿಡಿಸಿ ಹಿಡಿಯಲು ಎರಡೂ ಕೈ ಬೇಕು, ಕಣ್ಣು ಗಾಯದ ಮೇಲೇ ಇರಬೇಕು. ಒಂದು ನಿಮಿಷ ಹೋಗಿ ಆರು ನಿಮಿಷವಾಯಿತು. ಕೊಕ್ಕೆ ಬಿಟ್ಟವಳೇ ಗಾಬರಿಯಿಂದ ಎದೆಯತ್ತ ನೋಡಿದಳು.

ಮಹಾರಾಯ ಅವಳು ನೋಡದಿದ್ದರೂ ಆರಾಮವಾಗಿ ಉಸಿರಾಡುತ್ತಿದ್ದ. ಅವಳಿಗೆ ನೆಮ್ಮದಿಯಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ನಿರಾಶೆಯೂ ಆಯಿತು.

ನಿಮಿಷಕ್ಕೆಷ್ಟು ಉಸಿರೆಂದು ಐದೈದು ನಿಮಿಷಕ್ಕೊಮ್ಮೆ ಬರೆಯಬೇಕಾದ ಹಾಳೆಯಲ್ಲಿ ಒಂದು ಚೌಕ ಖಾಲಿ ಉಳಿದಿತ್ತು. ಖಾಲಿ ಬಿಟ್ಟರೆ ತಪಾಸಣೆಯವರು ಕೇಳುತ್ತಾರೆ. ಕೋಣೆಗೆ ಬೀಗ ಬೀಳುತ್ತದೆ, ಅದರ ಜೊತೆಗೆ ಅವಳ ಸ್ಟೂಲೂ ಹೋಗುತ್ತದೆ. ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು: "ಹದಿನಾಲ್ಕು ಅಂತ ಹಾಕಿ. ಎಲ್ಲಾರೂ ಹೆಚ್ಚುಕಮ್ಮಿ ಹದಿನಾಲ್ಕೇ."

ಹಾಕಿದಳು. ಅಂಕಿ ದುಂಡಗೆ, ಚಂದವಾಗಿ ಬಂತು.

ಪಕ್ಕದ ಕೋಣೆಯ ಮಂಚದ ಮೇಲೆ ಅಂಚೆಯವನಿಗೆ ಎಚ್ಚರವಾದಾಗ ಅವಳು ಎದುರಿಗೇ ಇದ್ದಳು. ಅವನು ಮಂಪರಿನಲ್ಲೇ ನಕ್ಕ. "ನೀವಿದ್ದೀರಿ ಅಂತಾನೇ ಧೈರ್ಯವಾಗಿ ಮಲಗಿದೆ ಅಕ್ಕಾ. ಪೂರ್ತಿ ಹೊತ್ತು ನೋಡ್ತಾನೇ ಇದ್ರಾ?"

"ಹೂಂ," ಎಂದಳು. "ಇನ್ನೇನು ಕೆಲಸ ನನಗೆ?"

ಅವನ ಹೆಂಡತಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಡಾಕ್ಟರು ಊಟಕ್ಕೆ ಹೊರಟರು. ಅವಳೂ ಹೊರಡಬಹುದಿತ್ತು. ಮಂಚಕ್ಕೆ ಹೊಸ ಹೊದಿಕೆ ಹಾಸಿ, ಯಾಕೋ ಅದರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಮತ್ತೆ ಕೂತಳು.

ಫ್ಯಾನಿನ ಗಾಳಿಗೆ ಖಾಲಿ ಮಂಚದ ಹೊದಿಕೆ ನಡುವೆ ಉಬ್ಬಿತು, ತಗ್ಗಿತು. ಮತ್ತೆ ಉಬ್ಬಿತು. ಎಣಿಸತೊಡಗಿದಳು. ಬೆನ್ನು ಸಡಿಲವಾಯಿತು, ಮನಸ್ಸು ಹಗುರಾಯಿತು. ಎಷ್ಟು ಹೊತ್ತು ಬೇಕಾದರೂ ಹೀಗೇ ಕೂರಬಲ್ಲೆ ಎನಿಸಿತು.

ಆಚೆಯಿಂದ ಯಾರೋ ಫ್ಯಾನಿನ ಸ್ವಿಚ್ ಆರಿಸಿದರು. ಹೊದಿಕೆ ತಗ್ಗಿತು, ಮೇಲೇಳಲಿಲ್ಲ. ಅವಳು ಧಡಕ್ಕನೆ ಎದ್ದು ನಿಂತಳು.