ಎಲೆಯಡಿಕೆ ಡಬ್ಬಿಯ ಗುಳಿಗೆಗಳು

ಸಂಜೆ ಶಾಲೆಯಲ್ಲಿ ಓದಿದವಳು ನಾನು. ಔಷಧದ ಮಾತು ಬರೆಯುವುದು ಅಧಿಕಪ್ರಸಂಗವಾದರೆ ಕ್ಷಮಿಸಿ.

ನನ್ನ ಅತ್ತೆ ಜೋಹರಾಬಿಗೆ ವರ್ಷದಿಂದ ತಲೆ ತಿರುಗುತ್ತಿತ್ತು. ಇಂಡಿ ಊರಿನ ಡಾಕ್ಟರು ಕೊಟ್ಟ ಗುಳಿಗೆ, ಸಿಂದಗಿಯಲ್ಲಿ ಬರೆಸಿಕೊಂಡದ್ದು, ನಿದ್ದೆಗೆಂದು ಅವರ ತಂಗಿ ಕೊಟ್ಟದ್ದು, ಎಲ್ಲವನ್ನೂ ಪಟ್ಟಿಯಿಂದ ಒಂದೊಂದಾಗಿ ಕತ್ತರಿಸಿ ಎಲೆಯಡಿಕೆ ಡಬ್ಬಿಯಲ್ಲಿಟ್ಟು ನುಂಗುತ್ತಿದ್ದರು. ಹೋದ ತಿಂಗಳು ನಮಾಜಿನಲ್ಲಿ ಹಣೆ ನೆಲಕ್ಕೆ ಹಚ್ಚಿದವರು ಏಳಲಾಗದೆ ಉರುಳಿದರು.

"ಇನ್ನ ಕುರ್ಚಿ ಮ್ಯಾಲೆ ಕುಂತ ನಮಾಜ್ ಮಾಡೂದ ನನ್ನ ನಸೀಬು," ಎಂದು ಅತ್ತರು.

ನಾನು ಡಬ್ಬಿ ತೆರೆದು ಪಟ್ಟಿಯ ಚೂರುಗಳ ಮೇಲಿನ ಸಣ್ಣ ಅಕ್ಷರ ಓದಿದೆ. ಎರಡು ಗುಳಿಗೆಗಳ ಬಣ್ಣ ಬೇರೆ, ಒಳಗಿನ ಔಷಧ ಒಂದೇ. ತಪ್ಪು ಓದಿದೆನೇನೋ ಎಂದು ಮೂರು ಸಲ ನೋಡಿ, ಅತ್ತೆಯನ್ನು ಕರೆದುಕೊಂಡು ಹೋಗಿ ಇಂಡಿ ಊರಿನ ಡಾಕ್ಟರ ಮೇಜಿನ ಮೇಲೆ ಡಬ್ಬಿ ಸುರಿದೆ.

"ಏನವ್ವಾ, ಔಷಧದ ಅಂಗಡಿ ತಗದೀರೇನು?"

"ಅರ್ಧ ಮಾಲು ನಿಮ್ಮದ ಐತ್ರಿ," ಎಂದರು ಅತ್ತೆ.

ಡಾಕ್ಟರು ನಕ್ಕರು. ಎರಡರಲ್ಲಿ ಒಂದನ್ನು ನಿಲ್ಲಿಸಿದರು, ನಿದ್ದೆಯದನ್ನು ನಿಧಾನವಾಗಿ ಕಡಿಮೆ ಮಾಡಿಸಿದರು, ಮಲಗಿ ತಲೆ ಹೊರಳಿಸುವ ವ್ಯಾಯಾಮ ಕಲಿಸಿದರು.

ನಿನ್ನೆ ಅತ್ತೆ ಹಣೆ ನೆಲಕ್ಕೆ ಹಚ್ಚಿದಾಗ ನಾನು ಹೆದರಿ ಪಕ್ಕದಲ್ಲೇ ನಿಂತಿದ್ದೆ. ಅವರು ತಾವಾಗಿಯೇ ಎದ್ದರು.

ಗುಳಿಗೆ ಬಿಟ್ಟದ್ದರಿಂದಲೋ ವ್ಯಾಯಾಮದಿಂದಲೋ ನನಗೆ ಗೊತ್ತಿಲ್ಲ. ತಲೆಸುತ್ತು ಮತ್ತೆ ಬರುವುದೋ ಇಲ್ಲವೋ, ಅದೂ ಗೊತ್ತಿಲ್ಲ.