ಕೇದಿಗೆ ಹೊರೆ

ಹಂಪಕ್ಕನ ಅರ್ಧ ಎಕರೆ ಮೆಕ್ಕೆಜೋಳವನ್ನು ತಿಪ್ಪೇರುದ್ರಪ್ಪನ ಆಳುಗಳು ಕಾಳಿನಲ್ಲಿ ಇನ್ನೂ ಹಾಲಿದ್ದಾಗಲೇ ಕೊಯ್ದು, ಒಟ್ಟಿ, ಒಣಹುಲ್ಲು ಹೊದಿಸಿ, ಸೀಮೆಎಣ್ಣೆ ಸುರಿದು ಸುಟ್ಟರು. ಹಸಿ ದಂಟು ಬೇಗ ಹತ್ತಿಕೊಳ್ಳಲಿಲ್ಲ. ಬೆಳಗಿನಿಂದ ಇಳಿಹೊತ್ತಿನವರೆಗೂ ಹೊಗೆಯಾಡಿತು. ಎಳೆ ತೆನೆ ಸುಟ್ಟ ಸಿಹಿ ವಾಸನೆ ಸಿರಿಗೇರಿಯ ಓಣಿ ಓಣಿಗೆ ಹೋಯಿತು.

ಊರಿಗೆ ಹೇಳಿದ ಕಾರಣ ಒಂದೇ. ರೋಗ ಅವಳ ಹೊಲದಿಂದ ಬಂತು ಅಂತ.

ರೋಗ ಮೊದಲು ಕಂಡದ್ದು ತಿಪ್ಪೇರುದ್ರಪ್ಪನ ಹೊಲದಲ್ಲಿ. ಕಾಲುವೆ ಕೆಳಗಿನ ಹನ್ನೆರಡು ಎಕರೆಯಲ್ಲಿ ಅವನು ಭತ್ತ, ಹತ್ತಿ ಎಲ್ಲ ಬೆಳೆದು ಕೈತುಂಬಿಸಿಕೊಂಡಿದ್ದ. ಎಪ್ಪತ್ತೈದರ ಮುಂಗಾರಿಗೆ ಬಳ್ಳಾರಿಯ ಬೀಜದ ಕಂಪನಿಯೊಂದು ಅಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಮಾಡಿಸಲು ಅವನೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೀಜದ ಬೆಳೆಗೆ ಮಡಿ ಜಾಸ್ತಿ. ಸುತ್ತ ಎರಡು ಫರ್ಲಾಂಗು ಬೇರೆ ಮೆಕ್ಕೆಜೋಳ ಇರಕೂಡದು, ಬೇರೆ ಜಾತಿಯ ಹೂವಿನ ಧೂಳು ಬಿದ್ದರೆ ಬೀಜ ಕೆಡುತ್ತದೆ ಎಂದು ಕಂಪನಿಯವರು ತಿಳಿಸಿ ಹೇಳಿದರು. ದೂರ ಇಡುವುದನ್ನು ತಿಪ್ಪೇರುದ್ರಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಈ ಸಲ ಯಾರೂ ಮೆಕ್ಕೆಜೋಳ ಬಿತ್ತಕೂಡದೆಂದು ಅವನು ಕೇರಿಗೆ ಹೇಳಿ ಕಳಿಸಿದ.

ಅವನ ಹೊಲದ ಮೂಡಣ ಬದುವಿಗೆ ಹತ್ತಿಕೊಂಡೇ ಹಂಪಕ್ಕನ ಗಂಡ ದುರುಗಣ್ಣನ ಅರ್ಧ ಎಕರೆ ಇತ್ತು. ಹಳ್ಳದ ದಂಡೆಯ ಬಂಜರು. ಸರ್ಕಾರ ಪಟ್ಟಾ ಕೊಟ್ಟಮೇಲೆ ಗಂಡ ಹೆಂಡತಿ ಜಾಲಿ ಬೇರು ಕಿತ್ತು, ಕಲ್ಲು ಆಯ್ದು, ಅದನ್ನು ಹೊಲ ಮಾಡಿದ್ದರು. ದುರುಗಣ್ಣ ಬಿತ್ತದೆ ಬಿಡುವವನಲ್ಲ, ಜಗಳವಾಡುವವನೂ ಅಲ್ಲ. ಗ್ರಾಮಸೇವಕ ಅಯ್ಯಣ್ಣನನ್ನು ಕೇಳಿದ. ಮೂರು ವಾರ ತಡೆದು ಬಿತ್ತಿದರೆ ಎರಡು ಹೊಲದ ಹೂವು ಒಟ್ಟಿಗೆ ಬರುವುದಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ಅಯ್ಯಣ್ಣ ಹೇಳಿದ. ದುರುಗಣ್ಣ ತಡೆದು ಬಿತ್ತಿದ. ಧಣಿಯ ಬೀಜ ಕೆಡದಿರಲಿ ಎಂದು ತಡೆದ ಆ ಮೂರು ವಾರವೇ ಅವನ ಪೈರಿಗೆ ಮುಳುವಾಯಿತು.

ಧಣಿಯ ಪೈರು ಮೊಣಕಾಲೆತ್ತರ ಬಂದಾಗ ಅಲ್ಲೊಂದು ಇಲ್ಲೊಂದು ಗಿಡದ ಎಲೆ ಕಿರಿದಾಗಿ, ಬಿಳಿಚಿಕೊಂಡು, ಬೆಚ್ಚಿದಂತೆ ನೆಟ್ಟಗೆ ನಿಂತಿತು. ಕಳೆ ತೆಗೆಯಲು ಹೋಗಿದ್ದ ಹೆಣ್ಣುಮಕ್ಕಳು ನೋಡಿ ಗೊಬ್ಬರ ಸಾಲದೇನೋ ಅಂದುಕೊಂಡರು. ಮಾರನೆಯ ನಸುಕಿಗೆ ಅಯ್ಯಣ್ಣ ಸೈಕಲ್ ಒರಗಿಸಿ ಬಂದು ಒಂದು ಎಲೆಯನ್ನು ಮಗುಚಿ ತೋರಿಸಿದ. ಅಡಿಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಬೂಜು.

"ಬಿಸಿಲು ಏರಿದ್ರ ಇದು ಕಾಣಂಗಿಲ್ಲ. ಮುಂಜಾನಿ ಮಂಜಿದ್ದಾಗ ನೋಡಬೇಕು. ಕೇದಿಗಿ ರೋಗ ಅಂತಾರ ಇದಕ್ಕ. ಎಲಿ ಕೇದಿಗಿ ಗರಿ ಇದ್ದಂಗ ಆಕ್ಕೈತಿ ನೋಡ್ರಿ," ಅಂದ.

"ಆತು ಬಿಡ್ರಿ ಸಾಮಿ," ಅಂದಳು ಜೋಗಮ್ಮ, ಹಂಪಕ್ಕನ ಪಕ್ಕದ ಮನೆಯವಳು. "ನಮ್ಮ ಜಲ್ಮಕ್ಕ ಕೇದಿಗಿ ಮುಡಿಯಾಕ ಸಿಗಲಿಲ್ಲ. ಕೀಳಾಕರ ಸಿಕ್ತಲ್ಲ."

ಹೆಂಗಸರು ನಕ್ಕರು. ಅಯ್ಯಣ್ಣನೂ ನಕ್ಕ. ಆಮೇಲೆ ಒಂದೊಂದೇ ಬಿಡಿಸಿ ಹೇಳಿದ: ಇಂಥ ಗಿಡವನ್ನು ಬೇರುಸಮೇತ ಕೀಳಬೇಕು, ಅಲ್ಲೇ ಸುಡಬೇಕು, ಹೊತ್ತುಕೊಂಡು ಓಡಾಡಕೂಡದು. ಬೂಜಿನ ಧೂಳು ಗಾಳಿಗೆ ಹೋಗಿ ಎಳೆ ಪೈರಿಗೆ ಕೂರುತ್ತದೆ. ಒಣಗಿದ ಎಲೆ ಮಣ್ಣಿಗೆ ಬಿದ್ದರೆ ಮೂರು ನಾಲ್ಕು ವರ್ಷ ಅಲ್ಲೇ ಅಡಗಿಕೊಂಡಿರುತ್ತದೆ; ಮೆಕ್ಕೆಜೋಳ ಬಿತ್ತಿದರೂ ಏಳುತ್ತದೆ, ಬಿಳಿಜೋಳ ಬಿತ್ತಿದರೂ ಏಳುತ್ತದೆ.

ಬದುವಿನ ಮೇಲೆ ನಿಂತು ಕೇಳುತ್ತಿದ್ದ ತಿಪ್ಪೇರುದ್ರಪ್ಪ ಅವನ ಸೈಕಲ್ ಕಾಲುವೆ ಏರಿ ದಾಟುವವರೆಗೆ ಕಾದ.

"ಇಲ್ಲಿ ಹೊಗಿ ಎದ್ರ ಕಂಪನಿಯವರಿಗೆ ಸುದ್ದಿ ಮುಟ್ಟಂಗಿಲ್ಲೇನು? ಸುಡೂದು ಪಡೂದು ಏನೂ ಬ್ಯಾಡ. ಕಿತ್ತ ಮ್ಯಾವು ನಿಮ್ದ. ಎಮ್ಮಿಗೆ ಹಾಕ್ಕೊಳ್ರಿ," ಅಂದ.

ಸಿರಿಗೇರಿ ಸೀಮೆಯಲ್ಲಿ ಕಳೆ ಕಿತ್ತವರಿಗೇ ಆ ಕಳೆ. ಹೊತ್ತು ಇಳಿದಾಗ ಪ್ರತಿ ಹೆಂಗಸಿನ ತಲೆ ಮೇಲೆ ಒಂದು ಹಸಿ ಹೊರೆ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಕೇರಿಯ ಎಮ್ಮೆಗಳೆಲ್ಲ ಬದುಕಿರುವುದು ಆ ಹೊರೆಯಿಂದಲೇ. ಅಯ್ಯಣ್ಣ ಹೇಳಿದ ಮಾತು ಕಿವಿಯಲ್ಲಿತ್ತು, ನಿಜ. ಆದರೆ ಮೇವು ಅಂದರೆ ಮೇವು. ಕಣ್ಣೆದುರು ಹಸಿರಾಗಿರುವುದನ್ನು ಸುಡುವುದಕ್ಕೆ ಮನಸ್ಸು ಬರಬೇಕಲ್ಲ. ಹಂಪಕ್ಕನೂ ಹೊತ್ತಳು. ದಿನಾ ಅವಳ ದಾರಿ ತನ್ನ ಹೊಲದ ಮೇಲೆಯೇ. ಅಲ್ಲಿ ಬದುವಿನ ಮೇಲೆ ಹೊರೆ ಇಳಿಸಿ, ಕಾಲುವೆಯಲ್ಲಿ ಮುಖ ತೊಳೆದು, ಬೊಗಸೆ ನೀರು ಕುಡಿದು, ಅಂಗೈಯಗಲ ಎದ್ದಿದ್ದ ತಮ್ಮ ಪೈರನ್ನು ಒಂದು ಗಳಿಗೆ ನೋಡಿ ಮತ್ತೆ ಹೊರುತ್ತಿದ್ದಳು. ಸುಖ ಅಂತ ಇದ್ದದ್ದು ಅದೊಂದೇ ಗಳಿಗೆ.

ಅದೇ ಪೈರಿನಲ್ಲಿ ಒಂದು ದಿನ ಬಿಳಿಚಿದ ಎಲೆ ಕಂಡಿತು. ಗಂಡ ಹೆಂಡತಿ ನಸುಕಿನಲ್ಲಿ ಬಗ್ಗಿ ಬಗ್ಗಿ ಎಲೆ ಮಗುಚಿ ನೋಡಿದರು. ಬೂಜು ಕಂಡ ಗಿಡವನ್ನೆಲ್ಲ ಕಿತ್ತರು, ಅಲ್ಲೇ ಸುಟ್ಟರು. ಬದುವಿನ ಪಕ್ಕದ ಸಾಲುಗಳು ಬೋಳಾದವು. ಉಳಿದದ್ದು ತಲೆಯೆತ್ತಿ ಬಂತು, ತುದಿಗೆ ಸೂಲಂಗಿ ಹೂವು ಬಿಟ್ಟಿತು, ಮೊಳ ಮೊಳ ತೆನೆ ಕಟ್ಟಿತು. ದುರುಗಣ್ಣ ಒಂದು ತೆನೆಯ ಸಿಪ್ಪೆ ಸರಿಸಿ ಉಗುರಿನಿಂದ ಕಾಳು ಚಿವುಟಿದ. ಹಾಲು ಚಿಮ್ಮಿತು. ಆ ಬೆರಳನ್ನು ಹೆಂಡತಿಯ ತುಟಿಗೆ ಒರೆಸಿದ.

ಅದಾಗಿ ವಾರ ಕಳೆಯುವುದರೊಳಗೆ ಕಂಪನಿಯ ಜೀಪು ಬಂತು. ತಿಪ್ಪೇರುದ್ರಪ್ಪನ ಹೊಲದಲ್ಲಿ ಸೂಲಂಗಿ ಇರಬೇಕಾದ ಕಡೆ ಎಲೆ ಗುಂಪು ಕಟ್ಟಿಕೊಂಡ ಗಿಡಗಳು ನೂರಾರು ನಿಂತಿದ್ದವು. ಇನ್‌ಸ್ಪೆಕ್ಟರು ಅರ್ಧ ಬೆಳೆ ಬೀಜಕ್ಕೆ ಆಗದು ಅಂದ. ತಿಪ್ಪೇರುದ್ರಪ್ಪ ಮೂಡಣ ಬದುವಿನ ಕಡೆ ಕೈ ತೋರಿಸಿದ.

"ಅಲ್ನೋಡ್ರಿ ಸಾರ್. ಬಿತ್ತಬ್ಯಾಡ್ರಪಾ ಅಂತ ಬಡಕಂಡೆ. ಅಲ್ಲಿಂದ ಬಂದೈತಿ."

ಅಯ್ಯಣ್ಣ ಜೀಪಿನ ಪಕ್ಕದಲ್ಲೇ ನಿಂತಿದ್ದ. ಟೋಪಿ ತೆಗೆದು ಬೆವರು ಒರೆಸಿಕೊಂಡ. ಮಾರನೆಯ ಬೆಳಿಗ್ಗೆ ಆಳುಗಳು ಕುಡುಗೋಲು ಹಿಡಿದು ಬಂದರು.

ಬೆಂಕಿ ಆರಿದ ಮೇಲೆ ದುರುಗಣ್ಣ ಬೂದಿ ಕೆದಕಿ ಅರೆಸುಟ್ಟ ತೆನೆಗಳನ್ನು ಆಯ್ದು ತಂದ. ಸೀಮೆಎಣ್ಣೆ ವಾಸನೆಗೆ ಎಮ್ಮೆಯೂ ಮೂಸಲಿಲ್ಲ. ಅವನು ಒಲೆಯ ಮುಂದೆ ಕೂತು, ಹೆಂಡತಿಯ ಮುಖ ನೋಡದೆ ಕೇಳಿದ.

"ಆ ಹೊರಿ ಎಲ್ಲಿ ಇಳಿಸ್ತಿದ್ದಿ ನೀನು?"

"ನಮ್ಮ ಬದುವಿನ ಮ್ಯಾಲ," ಅಂದಳು.

ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದಳೇನೋ. ಬೆಳಗಾದ ಮೇಲೆ ಟವೆಲ್ಲಿನಲ್ಲಿ ಒಂದು ಅಂಗಿ ಸುತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿದ. ಅಲ್ಲಿಯ ದಲಾಲಿ ಅಂಗಡಿಯಲ್ಲಿ ಚೀಲ ಹೊರುತ್ತಾನೆಂದು ಯಾರೋ ಬಂದು ಹೇಳಿದರು. ದೀಪಾವಳಿಗೆ ಬರಲಿಲ್ಲ. ಸಂಕ್ರಾಂತಿಗೂ ಬರಲಿಲ್ಲ. ಕೇರಿಯಲ್ಲಿ ಯಾರೂ ಹಂಪಕ್ಕನನ್ನು ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನೆಲ್ಲ ಅವಳೇ ತನಗೆ ಅಂದುಕೊಂಡಳು. ಬರಿದಾದ ಬದುವಿನ ಮೇಲೆ ನಡೆಯುವಾಗ ಹೊರೆ ಇಳಿಸುತ್ತಿದ್ದ ಜಾಗ ಬಂದರೆ ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು.

ಬೇಸಿಗೆಯಲ್ಲಿ ನಾಲ್ಕು ಸಜ್ಜೆ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಕೊಂಡು ತಾನೇ ಹೊರಟಳು. ಬಸ್ಸಿನಲ್ಲಿ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಕುರುಗೋಡಿನಲ್ಲಿ ಅಯ್ಯಣ್ಣ ಹತ್ತಿದ. ಅವಳನ್ನು ಕಂಡು ಮುಂದೆ ಹೋಗಲೋ ಇಲ್ಲೇ ಕೂರಲೋ ಎಂದು ತಡವರಿಸಿ, ಕೊನೆಗೆ ಪಕ್ಕದ ಸೀಟಿನಲ್ಲಿ ಕೂತ.

"ಈ ವರ್ಷ ಏನ್ ಹಾಕ್ತಿ ಹಂಪಕ್ಕ?"

"ಏನ್ ಹಾಕ್ಲಿ ಸಾಮಿ. ನನ್ನ ಕೈಯಾರ ರೋಗ ಹೊತ್ತು ತಂದು ಹೊಲಕ್ಕ ಹಾಕೀನಿ."

ಅಯ್ಯಣ್ಣ ಕಿಟಕಿಯಾಚೆ ನೋಡಿದ. ಕುರುಗೋಡಿನ ಗುಡ್ಡಗಳು ಹಿಂದೆ ಸರಿಯುತ್ತಿದ್ದವು.

"ನೀ ತಂದಿದ್ದಲ್ಲ ಅದು," ಅಂದ. "ನೀನು ಹೊರೋ ಹೊತ್ತಿಗೆ ಬಿಸಿಲಿಗೆ ಆ ಬೂಜು ಸತ್ತುಹೋಗಿರತೈತಿ. ಅದು ಹಾರೂದು ರಾತ್ರಿ ಕಳದು ನಸುಕು ಆಗೋ ಹೊತ್ತಿಗೆ. ಮುಂಗಾರ್ಯಾಗ ಗಾಳಿ ಪಡುವಣದಿಂದ ಬೀಸತೈತಿ. ಧಣಿ ಹೊಲ ಪಡುವಣಕ್ಕೈತಿ, ನಿಮ್ಮದು ಮೂಡಣಕ್ಕ. ನಿಮ್ಮ ಪೈರು ಎಳೇದಿತ್ತು. ಗಾಳಿ ತಂದು ಹಾಕೈತಿ."

ಹಂಪಕ್ಕ ಅವನ ಕಡೆ ತಿರುಗಿದಳು. ಮಡಿಲಲ್ಲಿದ್ದ ರೊಟ್ಟಿ ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

"ಮತ್ತ ಅವತ್ತು ಯಾಕ ಹೇಳಲಿಲ್ರಿ? ಜೀಪಿನ ಬಾಜೂಕ ನಿಂತಿದ್ರಿ."

"ನನಗೂ ಹೆಂಡ್ತಿ ಮಕ್ಕಳದಾರಲ್ಲಮ್ಮ."

"ನನಗ ಗಂಡ ಇದ್ದ ಸಾಮಿ," ಅಂದಳು.

ಅಯ್ಯಣ್ಣ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟ. ಅವನ ಕೆಲಸ ಅಲ್ಲಿ ಇತ್ತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಬಳ್ಳಾರಿಯಲ್ಲಿ ದುರುಗಣ್ಣ ಅಂಗಡಿ ಕಟ್ಟೆಯ ನೆರಳಿನಲ್ಲಿ, ಚೀಲಕ್ಕೆ ಹಾಕುವ ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಕೂತಿದ್ದ. ಕುತ್ತಿಗೆಯ ಹಿಂದೆ ಚರ್ಮ ದಡ್ಡುಗಟ್ಟಿತ್ತು. ಅವಳು ಅಯ್ಯಣ್ಣ ಹೇಳಿದ್ದನ್ನು ಹೇಳಿದಳು. ಅವನು ರೊಟ್ಟಿ ಮುರಿದು ನಿಧಾನ ಅಗಿಯುತ್ತ ಕೇಳಿದ.

"ಗಾಳಿಯಂತ?"

"ಹ್ಞೂಂ. ಗಾಳಿಯಂತ."

ಕೊನೆಯ ರೊಟ್ಟಿಯನ್ನು ಎರಡು ಮಾಡಿ ಅರ್ಧ ಅವಳಿಗೆ ಕೊಟ್ಟ. "ಹೊಲಾ ಹರಗು. ಈ ಸಲ ಬಿಳಿಜ್ವಾಳ ಬಿತ್ತು. ತೆನಿ ಕಟ್ಟಿದ ಸುದ್ದಿ ಬಂದ್ರ ಬರ್ತೀನಿ."

"ಬರದಿದ್ರ?"

"ಏನು ಬರದಿದ್ರ, ತೆನಿನಾ, ನಾನಾ?"

ತಮಾಷೆಗೆ ಅಂದನೋ ಏನೋ. ಅವನ ಮುಖದಲ್ಲಿ ನಗು ಇರಲಿಲ್ಲ. ಒಳಗಿನಿಂದ ಯಾರೋ ಕೂಗಿದರು, ಎದ್ದು ಹೋದ.

ಹಂಪಕ್ಕ ಕುಂಟೆ ಹೊಡೆದು ಹೊಲ ಹರಗಿದಳು. ಜೋಗಮ್ಮನ ಎತ್ತು ಒಂದು, ಇನ್ನೊಬ್ಬರ ಎತ್ತು ಒಂದು. ಬೂದಿ ಬಿದ್ದ ಜಾಗದ ಮಣ್ಣು ಮಾತ್ರ ಬೇರೆ ಬಣ್ಣಕ್ಕಿತ್ತು. ಕೂಲಿಗೆ ಮತ್ತೆ ತಿಪ್ಪೇರುದ್ರಪ್ಪನ ಹೊಲಕ್ಕೇ ಹೋದಳು. ಕಾಲುವೆ ಕೆಳಗೆ ಕೂಲಿ ಕೊಡುವ ಹೊಲಗಳೆಲ್ಲ ಅವನವು, ಇಲ್ಲವೇ ಅವನ ಬೀಗರವು. ಕಂಪನಿಯವರು ಅವನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದರು. ಕಳೆದ ವರ್ಷದ ರೋಗದ ದಂಟನ್ನು ಅವನು ಸುಡದೆ ಉತ್ತು ಮಣ್ಣಿಗೆ ಹಾಕಿದ್ದ. ಈ ಮುಂಗಾರಿನ ಪೈರಿನಲ್ಲಿ ಆ ಜಾಗದಲ್ಲೇ ಬಿಳಿಚಿದ ಗರಿಗಳು ಸಾಲುಸಾಲಾಗಿ ಎದ್ದು ನಿಂತವು.

ಇನ್‌ಸ್ಪೆಕ್ಟರು ಬರುವ ದಿನ ಹೆಂಗಸರನ್ನು ಬೆಳಕು ಹರಿಯುವ ಮುಂಚೆಯೇ ಕರೆಸಿದರು. ಹೊತ್ತೇರುವಷ್ಟರಲ್ಲಿ ಕಿತ್ತ ಗಿಡಗಳ ಹೊರೆಗಳು ಧಣಿಯ ಬದುವಿನುದ್ದ ಸಾಲುಗಟ್ಟಿದವು. ಮೇಟಿ ಹುಲುಗಪ್ಪ, ಧಣಿಯ ಆಳುಗಳಿಗೆಲ್ಲ ಹಿರಿಯ, ಬಂದು ನೆಲ ನೋಡುತ್ತ ಹೇಳಿದ.

"ಮನಿಗೆ ಒಯ್ಯೂದು ಬ್ಯಾಡಂತ್ರವಾ ಇವತ್ತು. ಅಷ್ಟೂ ಒಯ್ದು ಹಂಪಕ್ಕನ ಹೊಲದಾಗ ಒಗದು ಬರಬೇಕಂತ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಯಾಕಂತ ಹುಲುಗಣ್ಣ?" ಜೋಗಮ್ಮ ಕೇಳಿದಳು. "ಅಕೀ ಹೊಲಕ್ಕ ಎಮ್ಮಿ ಹುಟ್ಟ್ಯಾವೇನು?"

"ನನಗ್ಯಾಕ ಕೇಳ್ತಿ. ಹೇಳಿದ್ದು ಹೇಳೀನಿ."

ಕೇಳಬೇಕಾಗಿಯೂ ಇರಲಿಲ್ಲ. ಜೀಪು ಬರುತ್ತದೆ, ಧಣಿ ಮೂಡಣಕ್ಕೆ ಕೈ ತೋರಿಸುತ್ತಾನೆ, ಅಲ್ಲಿ ರೋಗ ರಾಶಿ ಬಿದ್ದಿರುತ್ತದೆ. ಹಂಪಕ್ಕ ತನ್ನ ಹೊಲದ ಕಡೆ ನೋಡಿದಳು. ಹರಗಿದ ಮಣ್ಣು ಹದವಾಗಿ ಕಪ್ಪಗೆ ಬಿದ್ದುಕೊಂಡಿತ್ತು. ಬಿತ್ತುವ ಜೋಳ ಮನೆಯ ಗಡಿಗೆಯಲ್ಲಿತ್ತು, ನಾಳೆ ಬಿತ್ತಬೇಕೆಂದಿದ್ದಳು. ಈ ದಂಟು ಅಲ್ಲಿ ಬಿದ್ದು ಒಣಗಿ ಮಣ್ಣಿಗೆ ಬೆರೆತರೆ ಮೂರು ನಾಲ್ಕು ವರ್ಷ ಆ ಹೊಲದಲ್ಲಿ ಏಳುವುದು ಬಿಳಿಚಿದ ಗರಿಯೇ. ಅಷ್ಟು ವರ್ಷ ಬಳ್ಳಾರಿಗೆ ಯಾವ ಸುದ್ದಿಯೂ ಹೋಗುವುದಿಲ್ಲ.

ತಿಪ್ಪೇರುದ್ರಪ್ಪ ಕೊಡೆ ಹಿಡಿದು ಬದುವಿನ ಮೇಲೆ ಬಂದ.

"ಏನ್ ನಿಂತೀರಲೇ? ಜೀಪು ಕುರುಗೋಡು ಬಿಟ್ಟೈತಂತ. ನಡೀರಿ. ಹಂಪಿ, ನೀ ಮೊದ್ಲು ನಡಿ. ನಿನ್ನ ಹೊಲ ನಿನಗ ಗೊತ್ತು."

"ಹೊಲ ಹರಗೀನಿ ಧಣಿ. ನಾಳಿಗೆ ಬಿತ್ತಬೇಕು."

"ಬಿತ್ತೀಯಂತ. ಈಗ ಹೊರು."

"ಇದು ನಿಮ್ಮ ಹೊಲದ ರೋಗ."

ಕೊಡೆ ಒಂದಿಷ್ಟು ಓರೆಯಾಯಿತು. "ಕಿತ್ತಿದ್ದು ನಿಮ್ದ ಅಂತ ಹ್ವಾದ ವರ್ಷ ಹೊತ್ತು ಎಮ್ಮಿಗೆ ಹಾಕಿದಿ. ಅವಾಗ ಯಾರ ರೋಗ ಅಂತ ಕೇಳಿದೇನು?"

"ಇಲ್ರಿ. ಕೇಳಬೇಕಾಗಿತ್ತು."

"ನೋಡು, ನಾಳಿಂದ ನಿನಗ ನನ್ನ ಹೊಲದಾಗ ಕೂಲಿ ಇಲ್ಲ. ಕಾಲುವಿ ನೀರು ನಿನ್ನ ಮಡಿಗೆ ಹೆಂಗ ಇಳೀತೈತಿ, ಅದನ್ನೂ ನೋಡ್ತೀನಿ. ಎತ್ತು."

ಹುಲುಗಪ್ಪ ಹೊರೆಗೆ ಕೈಕೊಟ್ಟು ಅವಳ ತಲೆಗೆ ಏರಿಸಲು ಬಗ್ಗಿದ. ಹಂಪಕ್ಕ ತಲೆ ಮೇಲಿನ ಸಿಂಬಿಯನ್ನು ತೆಗೆದಳು. ಸುತ್ತು ಬಿಚ್ಚಿದಳು. ಅದು ದುರುಗಣ್ಣನ ಹಳೇ ಪಂಚೆಯ ತುಂಡು. ಕೊಡವಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಜೀಪು ಬರುವ ದಾರಿಯ ಕಡೆ ಮುಖ ಮಾಡಿ ಅದೇ ಹೊರೆಯ ಮೇಲೆ ಕೂತಳು.

"ಎತ್ತಂಗಿಲ್ಲ," ಅಂದಳು.