ತಂಗಿಗೊಂದು ಬಾಡಿಗೆ ಕರಾರು

ಬಾಯಿಮಾತು ನಂಬಿ ಮನೆ ಕೊಟ್ಟವನು ಆಮೇಲೆ ಬಾಯಿ ಬಡಿದುಕೊಳ್ಳುತ್ತಾನೆ ಎಂಬುದು ಬೀಗ ರಿಪೇರಿಯವನ ಖಡಾಖಂಡಿತ ಅಭಿಪ್ರಾಯ. ತನ್ನ ಮನೆಯ ಒಂದೆರಡು ಭಾಗ ಬಾಡಿಗೆಗೆ ಬಿಟ್ಟಿದ್ದ ಆತ, ಬರೆದ ಕರಾರಿಲ್ಲದೆ ಯಾರ ಕೈಗೂ ಕೀಲಿಕೈ ಕೊಟ್ಟವನಲ್ಲ. ಗೋಡೆಗೆ ಮೊಳೆ ಹೊಡೆಯುವುದು, ನಲ್ಲಿ ಸೋರುವುದು, ಎರಡು ದಿನಕ್ಕೆಂದು ಬಂದ ನೆಂಟರು ಬೇರು ಬಿಡುವುದು, ಎಲ್ಲಕ್ಕೂ ಅದರಲ್ಲಿ ಷರತ್ತಿತ್ತು. ಬೀದಿಯವರು ಅವನಿಗೆ ಕರಾರಣ್ಣ ಎಂದೇ ಹೆಸರಿಟ್ಟಿದ್ದರು. ಅದನ್ನು ಕೇಳಿದಾಗ ಸಿಟ್ಟು ಬಂದಂತೆ ಮುಖ ಮಾಡುತ್ತಿದ್ದ, ಒಳಗೊಳಗೇ ಖುಷಿ.

ಮಹಡಿಯ ಕೋಣೆ ಖಾಲಿಯಾದ ವಾರ ಅವನ ತಂಗಿ ಅಂಗಡಿಗೆ ಬಂದಳು. ಗಂಡನನ್ನು ಬಿಟ್ಟು ಬಂದ ಮೇಲೆ ಅವಳು ಇದ್ದದ್ದು ಅಣ್ಣನ ಮನೆಯಲ್ಲೇ, ಹೊಲಿಗೆ ಮಾಡಿಕೊಂಡು.

"ಮಹಡಿ ಕೋಣೆ ಬಾಡಿಗೆಗಿದೆಯಂತಲ್ಲ ಅಣ್ಣಾ. ನಂಗೆ ಬೇಕು."

ಕೀಲಿಕೈಗೆ ಅರ ಉಜ್ಜುತ್ತಿದ್ದವನು ತಲೆ ಎತ್ತದೆ ನಕ್ಕ. "ತಗೋ. ಅದರಲ್ಲಿ ಕೇಳೋದೇನಿದೆ?"

"ಹಂಗಲ್ಲ. ಬಾಡಿಗೆಗೆ. ಕರಾರು ಬರೆದುಕೊಡು."

ಅರ ನಿಂತಿತು. "ತಲೆಗಿಲೆ ಕೆಟ್ಟಿದೆಯೇನೇ? ಒಡಹುಟ್ಟಿದವರ ಮಧ್ಯೆ ಕಾಗದವಾ? ನಾನು ಯಾವತ್ತಾದ್ರೂ ನಿನ್ನ ಹೊರಗೆ ಹೋಗು ಅಂದಿದ್ದೀನಾ?"

"ಹೊರಗೆ ಹೋಗು ಅಂದಿಲ್ಲ. ಆ ಕಡೆ ಹೋಗು ಅಂದಿದ್ದೀಯ. ಮುಂದಿನ ಕೋಣೆಗೆ ಬ್ಯಾಂಕಿನವರು ಬಾಡಿಗೆಗೆ ಬಂದ್ರು ಅಂತ ಮೆಟ್ಟಿಲ ಕೆಳಗೆ ಹಾಕಿದೆ. ಅಲ್ಲಿಗೆ ನಿನ್ನ ಹಳೇ ಬೀಗ ಬಂದ್ವು ಅಂತ ನಡುಮನೆ ಮೂಲೆಗೆ. ಬಟ್ಟೆ ತಂದೋರು ನನ್ನ ಮಶೀನು ಎಲ್ಲಿದೆ ಅಂತ ಹುಡುಕಬೇಕು. ಬ್ಯಾಂಕಿನವರನ್ನ ಬಿಡಿಸೋಕೆ ನೀನು ತಿಂಗಳು ಮುಂಚೆ ಹೇಳಬೇಕು. ನಂಗೆ ಹಲ್ಲುಜ್ಜುತ್ತಾ ಹೇಳ್ತೀಯ." ಅವಳ ದನಿ ಏರಲಿಲ್ಲ. "ಪಕ್ಕದ ಬೀದೀಲಿ ಒಬ್ಬರು ಕೋಣೆ ಕೊಡ್ತಾರಂತೆ, ಕರಾರು ಬರೆದು. ಭಾನುವಾರ ಅವರಿಗೆ ಮಾತು ಕೊಡಬೇಕು."

ಕರಾರಣ್ಣ ಕೆಂಡಾಮಂಡಲವಾಗಿ ಮನೆಗೆ ಬಂದ. ಹೆಂಡತಿಯಾದರೂ ತನ್ನ ಪರ ನಿಲ್ಲುತ್ತಾಳೆಂದು ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಆಕೆ. "ಅವಳ ಟ್ರಂಕು ನೋಡಿದ್ದೀರಾ? ಇವತ್ತಿಗೂ ಅದರಲ್ಲಿರೋ ಬಟ್ಟೆ ಹೊರಗೆ ಜೋಡಿಸಿಟ್ಟಿಲ್ಲ. ಮತ್ತೆ ಯಾವಾಗ ಎತ್ತಬೇಕೋ ಅಂತ."

ಅವನು ನಡುಮನೆಗೆ ಹೋಗಿ ನೋಡಿದ. ಹೊಲಿಗೆ ಮಶೀನು, ಅದರಡಿ ಟ್ರಂಕು, ಮಡಚಿಟ್ಟ ಹಾಸಿಗೆ. ಬಸ್ಸಿಗೆ ಕಾಯುವವರ ಸಾಮಾನಿನ ಹಾಗೆ ಎಲ್ಲವೂ ಒಂದೇ ಮೂಲೆಯಲ್ಲಿ ಒತ್ತರಿಸಿ ಕೂತಿದ್ದವು. ತಂಗಿಯಿಂದ ಕಾಗದ ಕೇಳದಿರುವುದೇ ತನ್ನ ಪ್ರೀತಿ ಎಂದು ಅವನು ಇಷ್ಟು ದಿನ ಎದೆಯುಬ್ಬಿಸಿ ನಂಬಿದ್ದ. ಗುರುತು ಪರಿಚಯವಿಲ್ಲದವರಿಗೆ ರುಜು ಹಾಕಿ ಕೊಟ್ಟ ಭರವಸೆಯನ್ನು ಒಡಹುಟ್ಟಿದವಳಿಗೆ ಕೊಟ್ಟಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಹೋಗಿಬಿಟ್ಟಾಳು ಎಂಬ ಭಯ ಅದಕ್ಕಿಂತ ಹೆಚ್ಚಾಯಿತು.

ಮರುದಿನವೇ ಕರಾರು ಬರೆಸಲು ಟೈಪಿಸ್ಟನ ಮುಂದೆ ಕೂತ. ಟೈಪಿಸ್ಟ್ ಬಾಡಿಗೆದಾರರ ಹೆಸರು ಕೇಳಿ ಹುಬ್ಬೇರಿಸಿದ. "ತಂಗಿಗಾ? ಅವರ ಮೇಲೂ ನಂಬಿಕೆ ಇಲ್ವಾ ನಿಮಗೆ?"

"ಅವಳಿಗೆ ನನ್ನ ಮೇಲೆ ಇಲ್ಲ. ಟೈಪ್ ಮಾಡು."

ಶನಿವಾರ ಸಂಜೆ ಅಣ್ಣ ತಂಗಿ ಎದುರುಬದುರು ಕೂತರು. ಅವಳು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಬಾಡಿಗೆ ಕಡಿಮೆ ಹಾಕಿದ್ದಕ್ಕೆ ಜಗಳ ಮಾಡಿ, ಬೇರೆಯವರಿಗೆ ಎಷ್ಟೋ ಅಷ್ಟೇ ಬರೆಸಿದಳು.

"ಗೋಡೆಗೆ ಮೊಳೆ ಹೊಡೀಬಾರದು ಅಂತಿದೆ. ನೂಲಿನುಂಡೆ ಸಿಕ್ಕಿಸೋ ಹಲಗೆ ಎಲ್ಲಿ ತೂಗುಹಾಕಲಿ, ನಿನ್ನ ತಲೆ ಮೇಲಾ?"

ಅವನು ಹಲ್ಲು ಕಚ್ಚಿಕೊಂಡು ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕಿದ. "ಬ್ಯಾಂಕಿನವರಿಗೆ ಮಾತ್ರ ಹೇಳಬೇಡ ಮಾರಾಯ್ತಿ."

"ಕೋಣೆ ನಿಂಗೇ ಬೇಕಾದ್ರೆ?"

"ಮೂರು ತಿಂಗಳು ಮುಂಚೆ ಹೇಳ್ತೀನಿ. ಬರೆದಿದೆ ನೋಡು. ಬೇರೆಯೋರಿಗೆಲ್ಲ ಒಂದೇ ತಿಂಗಳು."

ಅವಳು ಆ ಸಾಲನ್ನು ಎರಡು ಸಲ ಓದಿದಳು. ಪೆನ್ನಿಗೆ ಕೈ ಚಾಚಿದಳು. ಸಾಕ್ಷಿಗೆ ಅತ್ತಿಗೆ ರುಜು ಹಾಕಿದಳು.

ಭಾನುವಾರ ಬೆಳಿಗ್ಗೆ ಮಶೀನನ್ನು ಇಬ್ಬರೂ ಸೇರಿ ಏದುಸಿರು ಬಿಡುತ್ತಾ ಮಹಡಿಗೆ ಹೊತ್ತರು. ಎಲ್ಲಿಡಬೇಕೆಂದು ಅವನು ಕೈ ತೋರಿಸಲು ಹೊರಟು, ನಾಲಿಗೆ ಕಚ್ಚಿಕೊಂಡು ಕೈ ಹಿಂತೆಗೆದ. ಅವಳು ಕಿಟಕಿಯ ಬಳಿ ಇಡಿಸಿದಳು.

"ಆಯ್ತಣ್ಣ. ನೀನಿನ್ನು ಹೊರಡು," ಎಂದು ಅವನನ್ನು ನಗುತ್ತಲೇ ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಬಿತ್ತು.

ತನ್ನದೇ ಮನೆಯಲ್ಲಿ ತನ್ನದೇ ಮುಖದ ಮೇಲೆ ಬಾಗಿಲು! ಬೇರೆ ದಿನವಾಗಿದ್ದರೆ ಕರಾರಣ್ಣ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಈಗ ಮೆಟ್ಟಿಲ ಮೇಲೆ ಕೂತು ಬೆವರೊರೆಸಿಕೊಂಡ. ಎದೆ ಹಗುರವಾಗಿತ್ತು.

"ಎಲ್ರೀ ನಿಮ್ಮ ತಂಗಿ?" ಕೆಳಗಿನಿಂದ ಹೆಂಡತಿ ಕೂಗಿದಳು.

"ಅವಳ ಮನೇಲಿದ್ದಾಳೆ," ಎಂದ.